ಸಣ್ಣಜ್ಜನ ಪತ್ತೇದಾರ

ಹಳೆಯ ಪತ್ತೇದಾರಿ ಧಾರಾವಾಹಿಯೇ ಚಲೋ ಇತ್ತು, ಅದನ್ನೇ ಹೊಸದಾಗಿ ಮಾಡಲು ಹೋಗಿ ಕೆಡಿಸಿದರು ಎಂದು ಯಾರಾದರೂ ಹೇಳಿದರೆ ನಾನೀಗ ವಾದಿಸುವುದಿಲ್ಲ. ಮೊದಲಾಗಿದ್ದರೆ ಬಿಡುತ್ತಿರಲಿಲ್ಲ. ಯಾವ ಹಳೆಯದು, ಅದನ್ನು ಎಲ್ಲಿ ಕೂತು ನೋಡಿದಿರಿ, ಅದರೊಳಗಿನ ಮಾತು ನಿಮಗೆ ಎಷ್ಟು ತಿಳಿಯುತ್ತಿತ್ತು, ತಿಳಿಯದ್ದನ್ನು ನಿಮಗೆ ತಿಳಿಸಿದವರು ಯಾರು ಎಂದು ಒಂದೊಂದೇ ಕೇಳಿ ಎದುರಿನವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹೂಂ ಎಂದು ಸುಮ್ಮನಾಗುತ್ತೇನೆ. ಮಸ್ಕಿಯ ನಮ್ಮ ಓಣಿಯಲ್ಲಿ ಹಳೆಯದು ಎಂದರೆ ಟೀವಿಯಲ್ಲಿ ಬಂದದ್ದಲ್ಲ, ನಮ್ಮ ಸಣ್ಣಜ್ಜ ಹೇಳಿದ್ದು. ಅದನ್ನು ವಿವರಿಸಬೇಕೆಂದರೆ ಪ್ರತಿ ಸಲ ಬುಡದಿಂದ ಶುರುಮಾಡಬೇಕು. ಅಷ್ಟು ತ್ರಾಣ ಈಗ ಉಳಿದಿಲ್ಲ. ಆದ್ದರಿಂದ ಇದೊಂದು ಸಲ ಬರೆದು ಕೈತೊಳೆದುಕೊಳ್ಳುತ್ತೇನೆ.

ಸಣ್ಣಜ್ಜ ಎಂದರೆ ನಮ್ಮಪ್ಪನ ತಂದೆಯ ತಮ್ಮ. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತು, ಲಿಂಗಸುಗೂರಿನ ಕಚೇರಿಯಲ್ಲಿ ಪೇಶಕಾರನಾಗಿ ಸೇರಿಕೊಂಡವನು. ಜನ ಬಂದು ಕನ್ನಡದಲ್ಲಿ ಹೇಳಿದ್ದನ್ನು ಉರ್ದುವಿನಲ್ಲಿ ಬರೆದು ಸಾಹೇಬರ ಮುಂದಿಡುವುದು ಅವನ ಕೆಲಸ. ಅಕ್ಷರ ಮುತ್ತಿನಂತಿದ್ದವಂತೆ. ಆಮೇಲೆ ರಾಜ್ಯ ಒಂದಾಯಿತು, ಕಚೇರಿ ಕನ್ನಡಕ್ಕೆ ತಿರುಗಿತು. ಮನೆಯಲ್ಲಿ ಆಡುವ ಭಾಷೆಯನ್ನು ಕಚೇರಿಯಲ್ಲಿ ಬರೆಯಲು ಅವನು ನಡುವಯಸ್ಸಿನಲ್ಲಿ ಮತ್ತೆ ಅಕ್ಷರ ತಿದ್ದಬೇಕಾಯಿತು. ನಿವೃತ್ತನಾಗಿ ಮಸ್ಕಿಗೆ ಬರುವ ಹೊತ್ತಿಗೆ ಅವನ ಉರ್ದು, ಹಳೆಯ ಹೊಲದ ಕಾಗದ ಓದಿಸಿಕೊಳ್ಳಲು ಬರುವ ಒಬ್ಬಿಬ್ಬರಿಗೆ ಬಿಟ್ಟರೆ ಯಾರಿಗೂ ಬೇಡವಾಗಿತ್ತು.

ಎಂಬತ್ತರ ದಶಕದ ನಡುವೆ ನಮ್ಮ ದೊಡ್ಡಪ್ಪ ಟೀವಿ ತಂದ. ಮುಂದೆ ಕಿರಾಣಿ ಅಂಗಡಿ, ಹಿಂದೆ ಪಡಸಾಲೆ. ಪಡಸಾಲೆಯ ಗೋಡೆಯ ಮಾಡದ ಕೆಳಗೆ ಟೀವಿ ಕೂತಿತು, ಮಾಳಿಗೆಯ ಮೇಲೆ ಕಬ್ಬಿಣದ ಪೈಪಿಗೆ ಕಟ್ಟಿದ ಆಂಟೆನಾ ನಿಂತಿತು. ಐತವಾರ ಮುಂಜಾನೆ ದಿಲ್ಲಿಯಿಂದ ಆ ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಓಣಿಯವರೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಗಂಡಸರು ಗೋಡೆಯ ಕಡೆ, ಹೆಂಗಸರು ಅಡುಗೆಮನೆಯ ಕಡೆ, ಅಂಗಡಿಯ ಹಮಾಲರು ಮತ್ತು ಕಾಳು ಹಸನು ಮಾಡುವ ಹೆಂಗಸರು ಹೊಸ್ತಿಲ ಕಡೆ. ಇವರಲ್ಲಿ ಒಬ್ಬರಿಗೂ ಹಿಂದಿ ಬಾರದು. ಬಜಾರದಲ್ಲಿ ಆಡುವ ನಾಲ್ಕು ಮಾತಿನಿಂದ ಖೂನಿಯ ಕಥೆ ತಿಳಿಯುವುದಿಲ್ಲ.

ಆಗ ಸಣ್ಣಜ್ಜನಿಗೆ ಮತ್ತೆ ಕಚೇರಿ ಸಿಕ್ಕಿತು. ಟೀವಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಕಿವಿ ಟೀವಿಯ ಕಡೆ, ಮುಖ ಜನರ ಕಡೆ ಮಾಡಿ ಕೂತುಬಿಡುತ್ತಿದ್ದ. ಉರ್ದು ಬಲ್ಲ ಅವನಿಗೆ ಹಿಂದಿ ತಿಳಿಯುತ್ತಿತ್ತು, ದಿಲ್ಲಿಯವರು ಆಡಿದ್ದನ್ನು ಅಲ್ಲೇ ಕನ್ನಡಕ್ಕೆ ಇಳಿಸುತ್ತಿದ್ದ. ತೆರೆಯ ಮೇಲಿನ ಪತ್ತೇದಾರ ಬೊಜ್ಜಿನ ಮನುಷ್ಯ, ಬಿಳಿ ಅಂಗಿ, ಮಾತು ಕಡಿಮೆ. ಸಣ್ಣಜ್ಜನ ಬಾಯಲ್ಲಿ ಅವನು ನಮ್ಮೂರಿನವನಾಗಿಬಿಟ್ಟಿದ್ದ.

“ಈಗ ಕೇಳ್ಯಾನ ನೋಡ್ರಿ ಅಡಿಗಿಯವನ್ನ. ಎಲ್ಲಿದ್ದೆಲೇ ಮಗನ ನಿನ್ನಿ ಸಂಜಿಮುಂದ? ಅವ ಅಂತಾನ, ಇಲ್ಲೇ ಇದ್ನಿರೀ ಸಾಹೇಬ್ರ, ಎಲ್ಲಿಗಿ ಹೋಗ್ಲಿ, ಕಾಲು ಸುಟ್ಟಾವು.”

“ಕಾಲು ಸುಟ್ಟಾವು ಅಂದ್ನೇನು ಖರೇನ?” ಎಂದು ನಮ್ಮಪ್ಪ ಒಮ್ಮೆ ಕೇಳಿದ್ದ.

“ಅಂದ. ನಿನಗ ಕೇಳಸಲಿಲ್ಲ. ಸುಮ್ನ ಕುಂದ್ರು.”

ಸಣ್ಣಜ್ಜ ಹೇಳುವ ಪತ್ತೇದಾರನಿಗೆ ಒಂದು ರೂಢಿ ಇತ್ತು. ಅವನು ಮೊದಲು ತಪ್ಪು ಮನುಷ್ಯನನ್ನು ಹಿಡಿಯುತ್ತಿದ್ದ, ಬೇಕೆಂದೇ. ಗುಮಾಸ್ತನನ್ನೋ ಮಾಲಿಯನ್ನೋ ಜೀಪಿನಲ್ಲಿ ಕೂರಿಸಿ ಕಳಿಸುತ್ತಿದ್ದ, ಅಲ್ಲಿಗೆ ಆಟ ಮುಗಿಯುತ್ತಿತ್ತು. ಆದರೆ ಅದು ಮುಗಿದದ್ದಲ್ಲ ಎಂದು ಸಣ್ಣಜ್ಜ ಹೇಳುತ್ತಿದ್ದ. “ಇವನಲ್ಲ ಕಳ್ಳ. ಇವನ್ನ ಒಯ್ದ್ರ ಮನಿಯವರ ಪೈಕಿ ಯಾರ ಮಾರ್ಯಾಗ ಕಳಿ ಬರ್ತದ, ಅದನ್ನ ನೋಡಾಕ ಹಿಂಗ ಮಾಡ್ಯಾನ. ನಾಳಿ ಬಂದು ಅವನ್ನ ಹಿಡೀತಾನ. ಅದನ್ನ ಟೀವ್ಯಾಗ ತೋರಸೂದಿಲ್ಲ. ಶ್ಯಾಣ್ಯಾರಿಗಿ ಬಿಟ್ಟಾರ.” ನಾವು ಶ್ಯಾಣ್ಯಾರು ತಲೆಯಾಡಿಸುತ್ತಿದ್ದೆವು. ಇಡೀ ಓಣಿಗೆ ಅದು ಆ ಧಾರಾವಾಹಿಯ ಕಾಯಿದೆಯೇ ಆಗಿತ್ತು. ಎಲ್ಲ ವಾರವೂ ಹಾಗಾಗುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಮಿಲ್ಲಿನ ಮಾಲಕನೋ ವಕೀಲನೋ ಸಿಕ್ಕಿಬಿದ್ದರೆ ಸಣ್ಣಜ್ಜ ಅಲ್ಲಿಗೇ ಮುಗಿಸುತ್ತಿದ್ದ. ಅವರಿಗೆ ನಾಳೆ ಇರುತ್ತಿರಲಿಲ್ಲ.

ಹೊಸ್ತಿಲ ಕಡೆ ಕೂರುತ್ತಿದ್ದವರಲ್ಲಿ ಪಾಮನಕಲ್ಲೂರಿನಿಂದ ಬಂದ ಒಬ್ಬ ಹೆಂಗಸಿದ್ದಳು. ಗಂಡ ಸತ್ತ ಮೇಲೆ ಸಣ್ಣ ಮಗಳನ್ನು ಕಟ್ಟಿಕೊಂಡು ಮಸ್ಕಿಗೆ ಬಂದು, ನಮ್ಮ ಅಂಗಡಿಯ ಜೋಳ, ತೊಗರಿ ಹಸನು ಮಾಡಿ, ಓಣಿಯ ಇನ್ನೂ ನಾಲ್ಕು ಮನೆಯಲ್ಲಿ ಕಸ ಮುಸುರೆ ಮಾಡಿ ಬದುಕುತ್ತಿದ್ದಳು. ಎಲ್ಲರೂ ಅವಳನ್ನು ಪಾಮನಕಲ್ಲೂರಾಕಿ ಎಂದೇ ಕರೆಯುತ್ತಿದ್ದರು.

ಒಂದು ವಾರ ನಮ್ಮ ದೊಡ್ಡವ್ವನ ಬುಗುಡಿ ಕಳೆಯಿತು. ದೊಡ್ಡವ್ವ ಎಂದರೆ ದೊಡ್ಡಪ್ಪನ ಹೆಂಡತಿ. ಕಿವಿಯ ಮೇಲಂಚಿಗೆ ಹಾಕುವ ಆ ಬುಗುಡಿಗಳು ಅವಳ ತವರಿನವು, ಅವಳ ತಾಯಿ ಸಾಯುವ ಮುಂಚೆ ಬಿಚ್ಚಿಕೊಟ್ಟವು. ತಲೆಗೆ ಎರೆದುಕೊಳ್ಳುವಾಗ ತೆಗೆದಿಟ್ಟ ಜೋಡಿಯಲ್ಲಿ ಒಂದು ಉಳಿದಿತ್ತು, ಒಂದು ಇರಲಿಲ್ಲ. ಆ ಹೊತ್ತಿಗೆ ಒಳಮನೆಯಲ್ಲಿ ಕಸ ಹೊಡೆಯುತ್ತಿದ್ದವಳು ಪಾಮನಕಲ್ಲೂರಾಕಿ. ಯಾರೂ ಅವಳ ಹೆಸರೆತ್ತಲಿಲ್ಲ. ನಮ್ಮ ಕಡೆ ಹಾಗೆ ನೇರವಾಗಿ ಅನ್ನುವ ಪದ್ಧತಿಯಿಲ್ಲ. ಅದರ ಬದಲು ವಿಭೂತಿ ಮುಟ್ಟಿಸುತ್ತಾರೆ. ಸೋಮವಾರ ದೇವರ ಮುಂದೆ ವಿಭೂತಿಗಟ್ಟಿ ಇಟ್ಟು, ಮನೆಗೆ ಬಂದು ಹೋಗುವವರೆಲ್ಲ ಮುಟ್ಟಿ ಆಣೆ ಮಾಡಬೇಕು. ಎಲ್ಲರನ್ನೂ ಕರೆದರೂ ಕರೆದದ್ದು ಯಾರನ್ನು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಆಣೆ ಮಾಡಿದರೂ ಬಿಟ್ಟರೂ ಅವಳನ್ನು ಆಮೇಲೆ ಯಾವ ಮನೆಯವರೂ ಒಳಗೆ ಕರೆಯುವುದಿಲ್ಲ. ಬರುವ ಸೋಮವಾರ ಎಂದು ನಿಶ್ಚಯವಾಯಿತು. ನಡುವೆ ಐತವಾರ ಇತ್ತು.

ಆ ಐತವಾರದ ಕಥೆಯಲ್ಲಿ ಒಂದು ಬಂಗಲೆ, ಒಂದು ಕಂಠೀಹಾರ, ಹಾರದ ಕಳವು. ಮನೆಯವರನ್ನೆಲ್ಲ ಪತ್ತೇದಾರ ಒಬ್ಬೊಬ್ಬರನ್ನಾಗಿ ಕೇಳಿದ. ಕೊನೆಗೆ ಕೆಲಸದ ಹೆಂಗಸನ್ನು ಪೊಲೀಸರು ಜೀಪಿನಲ್ಲಿ ಕೂರಿಸಿದರು. ನಮ್ಮ ಪಡಸಾಲೆಯಲ್ಲಿ ಹೊಸ್ತಿಲ ಕಡೆ ಯಾರೂ ನೋಡಲಿಲ್ಲ, ನೋಡದಿರುವುದೇ ಎದ್ದು ಕಾಣುತ್ತಿತ್ತು. ಜೀಪು ಹೋದ ಮೇಲೆ ತೆರೆಯ ಮೇಲೆ ಮನೆಯ ಮಾಲಕನ ಮುಖ ಬಂದು ನಿಂತಿತು. ಕಳ್ಳಿ ಸಿಕ್ಕಳಲ್ಲ ಎಂಬ ಸಮಾಧಾನದ ಮುಖ ಅದು, ಬಹಳ ಹೊತ್ತು ಇತ್ತು.

ಸಣ್ಣಜ್ಜ ಎದ್ದು, ಬೆರಳನ್ನು ಟೀವಿಯ ಗಾಜಿಗೆ ಹಚ್ಚಿ ಹೇಳಿದ: “ನೋಡ್ರಿ ಮಾರಿ. ಈಗ ಕಳಿ ಬಂತು ನೋಡ್ರಿ. ಬಡವಿ ಜೀಪಿನಾಗ ಹೋದ್ಲು, ಇವನ ಹೊಟ್ಟಿ ತಣ್ಣಗಾತು. ತಾನ ಒತ್ತಿ ಇಟ್ಟು ಬಂದಾನ ಹಾರ. ನಾಳಿ ಪತ್ತೇದಾರ ಬರ್ತಾನ. ಆಕೀನ ಬಿಡ್ತಾರ.”

ಹೆಂಗಸರ ಕಡೆಯಿಂದ ಯಾರೋ, “ಥೂ ಇವನ” ಎಂದರು. ಜನ ಎದ್ದು ಹೋಗುವಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು, ಎಲ್ಲಿ ಕಳಿ ಇದೆ ಎಂದು ಹುಡುಕುವವರ ಹಾಗೆ. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಸೋಮವಾರ ವಿಭೂತಿ ಇಡಲಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ. ಬುಗುಡಿ ಸಿಗಲಿಲ್ಲ. ಪಾಮನಕಲ್ಲೂರಾಕಿ ಮಂಗಳವಾರ ಮೊರ ಹಿಡಿದುಕೊಂಡು ಕೆಲಸಕ್ಕೆ ಬಂದಳು.

ನಾನು ಬೆಳೆದು ಸಿಂಧನೂರಿನ ಕಾಲೇಜು ಸೇರಿದೆ. ಓದಿಗಿಂತ ಚರ್ಚಾಸ್ಪರ್ಧೆಯ ಹುಚ್ಚು ಹತ್ತಿತು. ಮುಂಜಾನೆ ಪರ, ಮಧ್ಯಾಹ್ನ ವಿರೋಧ, ವಿಷಯ ಯಾವುದಾದರೂ ಸರಿ. ಎದುರಾಳಿಯ ಹತ್ತು ಮಾತು ಬಿಟ್ಟು ಅದರಲ್ಲಿ ಟೊಳ್ಳಾದ ಒಂದನ್ನು ಹಿಡಿದು ಜಗ್ಗಬೇಕು ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಮನೆಯಲ್ಲೂ ಅದನ್ನೇ ಮಾಡುತ್ತಿದ್ದೆ. ದೇವರು, ರಾಹುಕಾಲ, ದೊಡ್ಡಪ್ಪನ ತಕ್ಕಡಿ ಯಾವುದನ್ನೂ ಬಿಡುತ್ತಿರಲಿಲ್ಲ. “ವಕೀಲವ್ವ ಬಂದಾಳ, ಬಾಯಿ ಮುಚ್ಕೋರಿ” ಎಂದು ಅಪ್ಪ ಎದ್ದು ಹೋಗುತ್ತಿದ್ದ.

ಲಿಂಗಸುಗೂರಿನಲ್ಲಿ ಒಂದು ಸ್ಪರ್ಧೆ. ಸಂಶಯದ ಮೇಲೆ ಬಂಧಿಸುವುದು ಸರಿಯೇ ತಪ್ಪೇ ಎಂಬ ಅರ್ಥದ ವಿಷಯ. ನನಗೆ ಪರ ಬಂದಿತ್ತು. ಹೊಳಪಿರಲಿ ಎಂದು ಆ ಹಳೆಯ ಪತ್ತೇದಾರನನ್ನು ಎಳೆತಂದೆ. ನಿರಪರಾಧಿಯನ್ನು ಬೇಕೆಂದೇ ಬಂಧಿಸಿ, ಅಪರಾಧಿಯ ಮುಖದ ಕಳೆ ಓದುತ್ತಿದ್ದ ಅವನ ಜಾಣತನವನ್ನು ದೇಶವೇ ನೋಡಿದೆ ಎಂದೆ. ಸಭೆಯಲ್ಲಿ ನಗು ಎದ್ದಿತು. ನನ್ನ ವಿರುದ್ಧ ಮಾತಾಡಬೇಕಾಗಿದ್ದವಳು ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿ, ಸಿಂಧನೂರಿನ ಬೇರೆ ಕಾಲೇಜಿನವಳು. ಮೆಲ್ಲಗೆ ಎದ್ದು ನಿಂತು, “ಆ ಧಾರಾವಾಹಿಯಲ್ಲಿ ಪತ್ತೇದಾರ ಒಮ್ಮೆಯೂ ಹಾಗೆ ಮಾಡಿಲ್ಲ. ಗೆಳತಿ ಬೇರೆ ಯಾವುದೋ ನೋಡಿರಬೇಕು” ಎಂದಳು. ಶೀಲ್ಡು ಅವಳ ಪಾಲಾಯಿತು.

ತಿರುಗಿ ಬರುವ ಕೆಂಪು ಬಸ್ಸಿನಲ್ಲಿ ಅವಳೇ ಬಂದು ಪಕ್ಕದಲ್ಲಿ ಕೂತಳು. ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ.

“ಸಿಟ್ಟಾಗಬ್ಯಾಡವಾ. ಕ್ಯಾಂಪಿನಾಗ ಟೀವಿ ಇತ್ತು. ನಮ್ಮ ಬಾಬಾಗ, ಅಂದ್ರ ಅಪ್ಪಗ, ಹಿಂದಿ ಬರ್ತಿತ್ತು. ಒಂದು ವಾರ ತಪ್ಪಿಸಿಲ್ಲ ನಾವು.”

“ಹಂಗಾದ್ರ ಆ ಹಾರದ ಕಥಿ ಹೇಳು. ಯಾರು ಕದ್ದಿದ್ರು?”

“ಕೆಲಸದಾಕಿ.”

“ಮಾಲಕ.”

“ಮಾಲಕ ಯಾಕ ಕದೀತಾನ, ಹುಚ್ಚಿ? ಅವಂದೇ ಹಾರ. ಕೆಲಸದಾಕಿ ಒಪ್ಕೊಂಡ್ಲಲ್ಲ, ಅತ್ಗೊಂತ.”

ಅವಳು ಅತ್ತದ್ದು ನನಗೂ ನೆನಪಿತ್ತು. ಸುಳ್ಳು ಆಪಾದನೆಗೆ ಅಳುತ್ತಿದ್ದಾಳೆ ಎಂದು ಸಣ್ಣಜ್ಜ ಹೇಳಿದ್ದ. ಮಸ್ಕಿ ಬರುವವರೆಗೆ ನಾವಿಬ್ಬರೂ ಒಂದೊಂದೇ ಕಥೆ ತೆಗೆದು ತಾಳೆ ನೋಡಿದೆವು. ಮಾಲಿ, ಗುಮಾಸ್ತ, ವಿಧವೆ ಸೊಸೆ. ನನ್ನ ಕಡೆ ಎಲ್ಲರೂ ಬಿಡುಗಡೆಯಾಗಿದ್ದರು, ಅವಳ ಕಡೆ ಎಲ್ಲರೂ ಜೈಲಿನಲ್ಲಿದ್ದರು. ನಾನು ಇಳಿಯುವಾಗ ಅವಳು, “ನಿಮ್ಮಜ್ಜ ಬಾಳ ಚಲೋ ಮನಷ್ಯ ಬಿಡು. ಆದ್ರ ನೀ ಸೋತಿ” ಎಂದಳು.

ಸಣ್ಣಜ್ಜನನ್ನು ಕೇಳದೆ ಬಿಡುವಂತಿರಲಿಲ್ಲ. ಆದರೆ ಆ ಹೊತ್ತಿಗೆ ಅವನ ಕಿವಿ ಬಹುಪಾಲು ಹೋಗಿತ್ತು. ಮನೆಯಲ್ಲಿ ಕೂಗಿ ಕೇಳಿದರೆ ಓಣಿಗೆಲ್ಲ ಡಂಗುರವಾಗುತ್ತದೆ. ಸಂಜೆ ಅವನು ಗುಡ್ಡದ ಬುಡಕ್ಕೆ, ಶಾಸನದ ಬಂಡೆಯ ದಾರಿಯಲ್ಲಿ ಅಡ್ಡಾಡಲು ಹೋಗುತ್ತಿದ್ದ. ನಾನೂ ಬೆನ್ನು ಹತ್ತಿದೆ. ಮೇಯುತ್ತಿದ್ದ ಆಡುಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ.

“ಅಜ್ಜಾ, ಹಾರ ಕದ್ದಾಕಿ ಕೆಲಸದಾಕೀನ ಅಂತಲ್ಲ.”

“ಹೌದು.”

“ಮಾಲಕ ಅಂದಿದ್ದಿ ನೀ.”

“ಅಂದಿದ್ದೆ.”

“ಅಂದ್ರ ಸುಳ್ಳು ಹೇಳಿದಿ.”

“ತರ್ಜುಮಾ ಮಾಡಿದೆ.” ಅವನು ಒಂದು ಕಲ್ಲಿನ ಮೇಲೆ ಕೂತ. “ಕಚೇರ್ಯಾಗ ಮಂದಿ ಬಂದು ಕನ್ನಡದಾಗ ಅಳ್ತಿದ್ರು. ನಾ ಉರ್ದೂದಾಗ ಬರೀತಿದ್ದೆ. ಸಾಹೇಬಗ ಅಳೂದು ಮುಟ್ಟತಿರಲಿಲ್ಲ. ಕಾಗದ ಅಷ್ಟ ಮುಟ್ಟತಿತ್ತು. ಎಲ್ಲಾ ಸರಿ ಬರೀತಿದ್ದೆ ನಾ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಅಷ್ಟು ಸರಿ ಬರದು ಎಷ್ಟು ಮಂದೀನ ಮುಳುಗಿಸೀನೋ.”

ಇದು ವಾದವಲ್ಲ, ವಿಷಯಾಂತರ. ನಾನು ಬಿಡಲಿಲ್ಲ.

“ಬುಗುಡಿ ಆಕೀನ ತೊಗೊಂಡಿದ್ರ?”

“ತೊಗೊಂಡಿರಬಹುದು.”

“ಮತ್ತ?”

“ತೊಗೊಂಡಿರದೇನೂ ಇರಬಹುದು. ನನಗೇನು ಗೊತ್ತು? ಸಬೂತಿಲ್ಲ, ಗವಾ ಇಲ್ಲ, ಕಣ್ಣಾರೆ ನೋಡಿದವರಿಲ್ಲ. ಸೋಮವಾರ ವಿಭೂತಿ ಮುಟ್ಟಿಸಿದ್ರ ಮುಗೀತಿತ್ತು ಆಕೀದು. ನನ್ನ ಕೈಯಾಗ ಒಂದು ಐತವಾರ ಇತ್ತು.”

“ದೊಡ್ಡವ್ವಗ ನೇರ ಹೇಳಬೇಕಿತ್ತು, ಹಿಂಗ ಮಾಡೂದು ಸರಿಯಲ್ಲಂತ.”

“ಮನ್ಯಾಗ ನನ್ನ ಮಾತು ಯಾರು ಕೇಳ್ತಿದ್ರು? ಟೀವಿ ಮಾತು ಕೇಳ್ತಿದ್ರು.”

ಮತ್ತೇನೋ ಕೂಗಲು ಹೋದೆ. ಅವನು ಕೈಯೆತ್ತಿದ. “ಸಾಕು ಮಾಡವ್ವ. ನಿನ್ನ ಗಂಟಲಿಗೂ ದಣಿವು, ನನ್ನ ಕಿವಿಗೂ ದಣಿವು.”

ಆ ವರ್ಷವೇ ಹೊಸ ಧಾರಾವಾಹಿ ಶುರುವಾಯಿತು. ಹೆಸರು ಅದೇ, ಕಥೆಗಳು ಅವೇ, ವಾರವೂ ಅದೇ ಐತವಾರ. ಪತ್ತೇದಾರ ಮಾತ್ರ ಹೊಸಬ. ಕರಿ ಕನ್ನಡಕ, ಚರ್ಮದ ಕೋಟು, ಮೋಟಾರ್ ಸೈಕಲ್ಲು, ಮೇಜಿನ ಮೇಲೆ ಕಂಪ್ಯೂಟರು. ಹಳಬ ಕೇಳುತ್ತಿದ್ದ, ಇವನು ಓಡುತ್ತಿದ್ದ. ಆಗ ಓಣಿಯಲ್ಲಿ ಬಹುಪಾಲು ಮನೆಗೆ ಟೀವಿ ಬಂದಿತ್ತು, ಕೇಬಲ್ಲೂ ಬಂದಿತ್ತು, ಹುಡುಗರು ಅದರಲ್ಲಿ ಮುಳುಗಿದ್ದರು. ಆದರೂ ವಯಸ್ಸಾದವರು ಐತವಾರ ವಿಭೂತಿ ಹಚ್ಚಿಕೊಂಡು ನಮ್ಮ ಪಡಸಾಲೆಗೇ ಬಂದರು. ಕಥೆ ಹೇಳುವವರು ಬೇಕಲ್ಲ. ಸಣ್ಣಜ್ಜ ತನ್ನ ಸ್ಟೂಲಿನ ಮೇಲೆ ಕೂತ, ಕೇಳಿಸದ ಕಿವಿಯನ್ನು ಟೀವಿಯ ಕಡೆ ಕೊಟ್ಟು.

“ನೀ ಹೇಳು,” ಎಂದ ನನಗೆ. “ನನಗ ಸಾಕಾಗ್ಯದ.”

ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ್ದೆ, ಮಾತು ತಿಳಿಯುತ್ತಿತ್ತು. ಹೇಳಿದೆ. ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ ಹೇಳಿದೆ. ಮೊದಲ ವಾರ ಮಾಲಿ ಸಿಕ್ಕಿಬಿದ್ದ. ಆಟ ಮುಗಿದರೂ ಯಾರೂ ಏಳಲಿಲ್ಲ. “ನಾಳಿ ಏನಾಗ್ತದ ಹೇಳು” ಎಂದರು. ಏನೂ ಆಗುವುದಿಲ್ಲ, ಇವನೇ ಕಳ್ಳ ಎಂದೆ. ಎದುರು ಮನೆಯ ಮುದುಕಿ, “ಹೊಸಬ ಬರೋಬರಿ ಇಲ್ಲ. ಅರ್ಧಕ್ಕ ಬಿಟ್ಟು ಹೋದ” ಎಂದು ಎದ್ದಳು. ಹಳೆಯದರಲ್ಲೂ ಹೀಗೇ ಇತ್ತು ಎಂದು ಹೇಳಲು ಬಾಯಿ ತೆರೆದೆ. ಸಣ್ಣಜ್ಜ ಸ್ಟೂಲಿನ ಮೇಲಿಂದ ಜನರ ಮುಖಗಳನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿದೆ.

ಹೀಗೆ ನಡೆಯುತ್ತಿರಲು, ಒಂದು ವಾರ ಆಟ ಮುಗಿದ ಮೇಲೆ ಮುಂದಿನ ವಾರದ ತುಣುಕು ತೋರಿಸಿದರು. ಬಂಗಲೆ, ಪೆಟ್ಟಿಗೆ, ಹಾರ. ದೊಡ್ಡವ್ವ ತಕ್ಷಣ ಗುರುತು ಹಿಡಿದಳು.

“ಇದು ಅದ ಅಲ್ಲೇನು?”

ಯಾವುದು ಎಂದು ಯಾರೂ ಕೇಳಲಿಲ್ಲ. ಇಷ್ಟು ವರ್ಷ ಅವಳು ಆ ಒಂಟಿ ಬುಗುಡಿಯನ್ನು ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಕರಗಿಸಿ ಬೇರೆ ಮಾಡಿಸು ಎಂದು ದೊಡ್ಡಪ್ಪ ಎಷ್ಟು ಸಲ ಹೇಳಿದರೂ ಒಪ್ಪಿರಲಿಲ್ಲ. ಅವಳ ತಮ್ಮ ರಾಯಚೂರಿನಿಂದ ಬಂದಾಗ, ಹಳೆಯ ಕಥೆಯಲ್ಲಿ ಕದ್ದವಳು ಕೆಲಸದವಳೇ ಎಂದು ಬಾಯಿಬಿಟ್ಟಿದ್ದನಂತೆ. ಅಂದಿನಿಂದ ಅವಳ ಹೊಟ್ಟೆಯಲ್ಲಿ ಅದು ಕೂತಿತ್ತು.

ಪಾಮನಕಲ್ಲೂರಾಕಿಗೆ ಆಗ ಕಣ್ಣು ಮಂಜಾಗಿ, ಕಾಳಿನಲ್ಲಿ ಕಲ್ಲು ಕಾಣುತ್ತಿರಲಿಲ್ಲ. ಅವಳ ಕೆಲಸವನ್ನು ಮಗಳು ಮಾಡುತ್ತಿದ್ದಳು. ತಾಯಿ ಮಗಳ ಊಟ ಅದರ ಮೇಲೆಯೇ ನಿಂತಿತ್ತು. ದೊಡ್ಡವ್ವ ಮಗಳನ್ನು ಕರೆದು ಹೇಳಿದಳು: “ಈ ವಾರ ಬ್ಯಾಡವ್ವ, ಕಾಳಿಲ್ಲ. ಐತವಾರ ನೀನೂ ಬಾ, ನಿಮ್ಮವ್ವನೂ ಕರಕೊಂಡು ಬಾ. ಟೀವಿ ನೋಡಾಕ.”

ಅಂಗಡಿಯಲ್ಲಿ ತೊಗರಿಯ ಚೀಲಗಳು ಜಂತಿಯ ತನಕ ಬಿದ್ದಿದ್ದವು. ಅವತ್ತು ತಪ್ಪಿದ ವಿಭೂತಿಯ ಸೋಮವಾರವನ್ನೇ ದೊಡ್ಡವ್ವ ಈ ಐತವಾರಕ್ಕೆ ತಂದಿಟ್ಟಿದ್ದಾಳೆ ಎಂದು ನನಗೆ ತಿಳಿಯಿತು. ವಾರದ ನಡುವೆ ನಳದ ಕಟ್ಟೆಯ ಹತ್ತಿರ ಪಾಮನಕಲ್ಲೂರಾಕಿ ನನ್ನನ್ನು ನಿಲ್ಲಿಸಿದಳು.

“ಯವ್ವಾ, ಈ ಹೊಸಾದ್ರಾಗೂ ಆಕೀನ ಬಿಡ್ತಾರೇನು?”

“ನೋಡೂಣು” ಎಂದೆ.

ದೊಡ್ಡವ್ವ ನನ್ನನ್ನೂ ಬಿಡಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ, “ನೀ ಸುಳ್ಳು ಹೇಳಾಕಿ ಅಲ್ಲ. ದೇವರಿಗೂ ಹೆದರಾಕಿ ಅಲ್ಲ ನೀ. ಇದ್ದದ್ದು ಇದ್ದಂಗ ಹೇಳು, ಸಾಕು” ಎಂದಳು. ಮನೆಯಲ್ಲಿ ನನ್ನ ಬಗ್ಗೆ ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ ಇರಬೇಕು. ಅದು ಈ ಕೆಲಸಕ್ಕೆ ಬಂತು.

ಐತವಾರ ಪಡಸಾಲೆ ತುಂಬಿತು. ಎಷ್ಟೋ ವಾರದಿಂದ ಬಾರದವರೂ ಬಂದಿದ್ದರು. ತಾಯಿ ಮಗಳು ಹೊಸ್ತಿಲ ಹತ್ತಿರ ಕೂತರು. ದೊಡ್ಡವ್ವ, “ಅಲ್ಲೆಲ್ಲಿ ಕುಂತೀರಿ, ಮುಂದ ಬರ್ರಿ” ಎಂದು ಟೀವಿಯ ಎದುರಿಗೇ ಜಾಗ ಮಾಡಿಸಿದಳು.

ಸಣ್ಣಜ್ಜ ಮಾಡಿದ್ದನ್ನೇ ಮಾಡಿದರೇನು ಎಂದು ನಾನು ಯೋಚಿಸಿರಲಿಲ್ಲ ಎನ್ನಲಾರೆ. ಆದರೆ ಆ ದಾರಿ ಮುಚ್ಚಿತ್ತು. ಹಳೆಯದರಲ್ಲಿ ಮಾಲಕನ ಮುಖ ಬಂದು ನಿಲ್ಲುತ್ತಿತ್ತು, ಅದರ ಮೇಲೆ ಬೆರಳಿಡಬಹುದಾಗಿತ್ತು. ಹೊಸದರಲ್ಲಿ ಯಾವ ಮುಖವೂ ನಿಲ್ಲುತ್ತಿರಲಿಲ್ಲ. ಕಣ್ಣು, ಬಾಗಿಲು, ಗಾಡಿಯ ಗಾಲಿ, ಢಂ ಢಂ ಎಂಬ ಸಂಗೀತ, ಮತ್ತೆ ಕಣ್ಣು. ಏನನ್ನಾದರೂ ತಗುಲಿಹಾಕಲು ಒಂದು ಗೂಟ ಸಿಗುತ್ತಿರಲಿಲ್ಲ. ಹಾಗಾಗಿ ಆಡಿದ್ದನ್ನು ಆಡಿದ ಹಾಗೆ ಹೇಳುತ್ತ ಹೋದೆ. ಪೆಟ್ಟಿಗೆಯ ಮೇಲೆ ಬೆರಳಚ್ಚು ಸಿಕ್ಕಿತು. ಕಂಪ್ಯೂಟರಿನಲ್ಲಿ ಎರಡು ಬೆರಳಚ್ಚು ಒಂದರ ಮೇಲೊಂದು ಕೂತವು. ಕೆಲಸದವಳು ತಲೆ ತಗ್ಗಿಸಿ ನಿಂತಳು. ಈ ಸಲ ಅವಳು ಅಳಲೂ ಇಲ್ಲ, ಒಪ್ಪಿಕೊಳ್ಳಲೂ ಇಲ್ಲ. ಅಷ್ಟು ಹೊತ್ತು ಅವಳನ್ನು ತೋರಿಸಲು ಈ ಪತ್ತೇದಾರನಿಗೆ ಪುರುಸೊತ್ತಿರಲಿಲ್ಲ. ಜೀಪು ಬಂತು.

“ಹಂಗಾದ್ರ ಆಕೀನ,” ಎಂದಳು ದೊಡ್ಡವ್ವ.

“ಅವ ಹಂಗಂತಾನ.”

“ಅವ ಅಂದ್ರ? ನೀ ಏನಂತಿ?”

ಎಲ್ಲರೂ ನನ್ನ ಕಡೆ ತಿರುಗಿದರು. ಸಣ್ಣಜ್ಜನೂ.

“ದಿನಾ ಆ ಪೆಟಗಿ ಒರಸಾಕಿ ಯಾರು, ದೊಡ್ಡವ್ವ? ಆಕೀನ. ಆಕೀ ಬೆರಳು ಅದರ ಮ್ಯಾಲ ಇರಲಾರದ ಇನ್ಯಾರವು ಇರ್ತಾವ?”

“ಕಂಪ್ಯೂಟರ್ ಸುಳ್ಳು ಹೇಳ್ತದೇನು?” ಎಂದ ದೊಡ್ಡಪ್ಪ.

“ಬೆರಳು ಯಾರವು ಅಂತ ಹೇಳ್ತದ. ಎಂದಿನವು ಅಂತ ಹೇಳೂದಿಲ್ಲ. ನಮ್ಮ ಮನಿ ಡಬ್ಬಿ ತಂದು ನೋಡ್ರಿ. ಉಪ್ಪಿನ ಡಬ್ಬಿಯಿಂದ ಹಿಡದು ದೇವರ ಪೆಟಗಿ ತನಕ ಇವರ ಬೆರಳ ಅದಾವು.”

ಎದುರು ಮನೆಯ ಮುದುಕಿ ನಕ್ಕಳು. “ನಮ್ಮ ಮನ್ಯಾಗೂ ಅದಾವ. ನಾ ಯಾವಾಗ ಡಬ್ಬಿ ಒರಸೀನಿ?” ಇನ್ನೂ ಇಬ್ಬರು ನಕ್ಕರು. ಟೊಳ್ಳಾದ ಒಂದು ಮಾತು ಹಿಡಿದು ಜಗ್ಗಿದ್ದೆ, ಅದು ಕೈಗೆ ಬಂದಿತ್ತು. ಆದರೆ ದೊಡ್ಡವ್ವ ಚರ್ಚಾಸ್ಪರ್ಧೆಯ ತೀರ್ಪುಗಾರಳಲ್ಲ.

“ಬೆರಳಿನ ಮಾತು ಸುಡು. ಆಕೀ ಸುಮ್ನ ಯಾಕ ನಿಂತಾಳ? ಕದ್ದಿಲ್ಲಂದ್ರ ಬಾಯಿ ಬಿಟ್ಟು ಹೇಳಬೇಕಿಲ್ಲ?”

ಅದು ಟೀವಿಯವಳಿಗೆ ಆಡಿದ ಮಾತಲ್ಲ. ನನ್ನಲ್ಲಿ ಉತ್ತರವಿತ್ತು, ಮೌನ ಒಪ್ಪಿಗೆಯಲ್ಲ ಎಂಬ ಬಗ್ಗೆ ಒಂದು ಭಾಷಣವೇ ಇತ್ತು. ಅಷ್ಟರಲ್ಲಿ ಪಾಮನಕಲ್ಲೂರಾಕಿ, ಟೀವಿಯಿಂದ ಕಣ್ಣು ತೆಗೆಯದೆ, ಮೆಲ್ಲಗೆ ಹೇಳಿದಳು:

“ಆಕೀನ ಯಾರು ಕೇಳ್ಯಾರ್ರಿ? ಎಲ್ಲಾರ್ನೂ ಕೇಳಿದ್ರು. ಆಕೀನ ಕೇಳಲಿಲ್ಲ.”

ನಾನು ಹಿಂದಕ್ಕೆ ನೆನೆದೆ. ಮಾತು ಮಾತನ್ನೂ ಕನ್ನಡಕ್ಕೆ ತಂದವಳು ನಾನು. ಪತ್ತೇದಾರ ಮಾಲಕನನ್ನು ಕೇಳಿದ್ದ, ಹೆಂಡತಿಯನ್ನು, ಡ್ರೈವರನನ್ನು, ಅಳಿಯನನ್ನು ಕೇಳಿದ್ದ. ಕೆಲಸದವಳಿಗೆ ಒಂದು ಪ್ರಶ್ನೆಯನ್ನೂ ಹಾಕಿರಲಿಲ್ಲ.

“ಹೌದು,” ಎಂದೆ. “ಕೇಳಿಲ್ಲ.”

ಟೀವಿಯಲ್ಲಿ ಸಾಬೂನಿನ ಜಾಹೀರಾತು ಬಂದು ಹೋಯಿತು. ಆಮೇಲೆ ದೊಡ್ಡವ್ವ ಪಾಮನಕಲ್ಲೂರಾಕಿಯ ಕಡೆ ತಿರುಗಿ, ಅಷ್ಟು ಜನರ ಮುಂದೆ, ನಮ್ಮ ಕಡೆ ಯಾರೂ ಕೇಳದಷ್ಟು ನೇರವಾಗಿ ಕೇಳಿದಳು:

“ನನ್ನ ಬುಗುಡಿ ನೀ ತೊಗೊಂಡಿದ್ದೇನು?”

“ಇಲ್ರಿ ಯವ್ವಾ.”

“ಅವತ್ತ ಹೇಳಬೇಕಿಲ್ಲೇನು ಮತ್ತ?”

“ನೀವು ಅವತ್ತ ಕೇಳಬೇಕಿಲ್ಲೇನ್ರಿ?”

ಮಗಳು ತಾಯಿಯ ಸೆರಗು ಜಗ್ಗಿದಳು. ದೊಡ್ಡವ್ವ ಮುಖ ಆ ಕಡೆ ಮಾಡಿ, ಕಿವಿಯ ಮೇಲಂಚನ್ನು ಮುಟ್ಟಿಕೊಂಡಳು. ಅಲ್ಲಿ ಹಳೆಯ ತೂತು ಮುಚ್ಚುತ್ತ ಬಂದಿತ್ತು. ಆಮೇಲೆ ಮಗಳ ಕಡೆ ನೋಡದೆಯೇ ಹೇಳಿದಳು: “ನಾಳಿ ಜಲ್ದಿ ಬಾ. ತೊಗರಿ ಬಿದ್ದಾವ.”

ಒಂದು “ಇಲ್ಲ” ಎಂಬುದು ಸಾಕ್ಷ್ಯವಲ್ಲ. ಇದು ನನಗೆ ಅವತ್ತೂ ಗೊತ್ತಿತ್ತು, ಈಗಲೂ ಗೊತ್ತಿದೆ. ವೇದಿಕೆಯ ಮೇಲೆ ಯಾರಾದರೂ ಅಷ್ಟರ ಮೇಲೆ ಪ್ರಕರಣ ಮುಗಿಸಿದ್ದರೆ ನಾನು ಸುಲಿದು ಹಾಕುತ್ತಿದ್ದೆ. ಬುಗುಡಿ ಎಲ್ಲಿ ಹೋಯಿತೋ ಇವತ್ತಿಗೂ ತಿಳಿಯದು. ಸೋಮವಾರ ಮಗಳು ಮೊರ ಹಿಡಿದುಕೊಂಡು ಬಂದಳು.

ಆದರೆ ಅದು ಮರುದಿನದ ಮಾತು. ಐತವಾರ ಎಲ್ಲರೂ ಎದ್ದು ಹೋಗುವಾಗ ಪಾಮನಕಲ್ಲೂರಾಕಿ ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದು ನಿಂತಳು. ಏನಾದರೂ ಒಳ್ಳೆಯ ಮಾತು ಆಡುತ್ತಾಳೆಂದುಕೊಂಡೆ.

“ಹಳೇದ ಚಲೋ ಇತ್ತವ್ವ,” ಎಂದಳು. “ಅದ್ರಾಗ ಆಕೀನ ಬಿಟ್ಟಿದ್ರು. ನಿಮ್ಮ ಸಣ್ಣಜ್ಜ ಹೇಳಿದ್ದ.”

“ಹೂಂ” ಎಂದೆ.

ಪಡಸಾಲೆ ಖಾಲಿಯಾಯಿತು. ಸಣ್ಣಜ್ಜ ಇನ್ನೂ ಸ್ಟೂಲಿನ ಮೇಲೆಯೇ ಇದ್ದ. ಇಡೀ ಹೊತ್ತು ಮುಖಗಳನ್ನು ನೋಡಿದ್ದ, ಮಾತು ಒಂದೂ ಮುಟ್ಟಿರಲಿಲ್ಲ.

“ಏನಾತು?” ಎಂದು ಕೇಳಿದ. “ಏನ ಹೇಳಿದಿ ನೀ?”

ಹತ್ತಿರ ಹೋಗಿ ಕಿವಿಗೆ ಬಾಯಿಟ್ಟೆ. “ದೊಡ್ಡವ್ವ ಕೇಳಿದ್ಲು.”

“ಯಾರ್ನ?”

“ಆಕೀನ.”

ಅವನು ನನ್ನ ಮುಖ ನೋಡಿದ. “ಏನಂದ್ಲು?”

“ಇಲ್ಲ ಅಂದ್ಲು.”

“ಆಂ?”

ಮತ್ತೊಮ್ಮೆ ಕೂಗಿದೆ. ಒಳಗೆ ದೊಡ್ಡವ್ವನ ರೊಟ್ಟಿಯ ಸಪ್ಪಳ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಸಣ್ಣಜ್ಜ ಮೊಳಕಾಲ ಮೇಲೆ ಕೈಯೂರಿ, ಏಳಲು ನೋಡಿ, ಆಗದೆ ಅಲ್ಲೇ ಕೂತ.

“ಟೀವಿ ಬಂದ್ ಮಾಡವ್ವ,” ಎಂದ.